ಎದೆಬಡಿತ ತಾಳ ತಪ್ಪಿದವರು ಬೆಟ್ಟ ಹತ್ತಬಹುದೇ?

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಯಜಮಾನರಿಗೆ 66 ವರ್ಷ, ವಿದ್ಯುತ್ ಇಲಾಖೆಯಿಂದ ನಿವೃತ್ತರು. ಹತ್ತು ವರ್ಷಗಳಿಂದ ಬಿ.ಪಿ. ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಸಕ್ಕರೆ ಕಾಯಿಲೆ ಇಲ್ಲ. ತೂಕ 88 ಕೆ.ಜಿ. ಎಂಟು ತಿಂಗಳ ಹಿಂದೆ ಒಂದು ರಾತ್ರಿ ಎದೆ ಡವಡವ ಹೊಡೆದುಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ‘ಏಟ್ರಿಯಲ್ ಫಿಬ್ರಿಲೇಷನ್’ ಎಂದರು. ಅದು ಆಗಾಗ ಬರುತ್ತದೆ, ಕೆಲವು ಗಂಟೆ ಇದ್ದು ತಾನಾಗಿ ಹೋಗುತ್ತದೆ. ಎಕೋ, ಥೈರಾಯ್ಡ್ ಎಲ್ಲ ಸರಿಯಿದೆ. ಮೆಟೊಪ್ರೊಲಾಲ್ ಮತ್ತು ರಿವರಾಕ್ಸಬಾನ್ 20 ಕೊಟ್ಟಿದ್ದಾರೆ. ಪ್ರತಿ ಆಷಾಢದಲ್ಲಿ ಸ್ನೇಹಿತರ ಜೊತೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದವರು ಈಗ ಗೇಟಿನಾಚೆ ಕಾಲಿಡುವುದಿಲ್ಲ. ಕಾಫಿ ಬಿಟ್ಟಿದ್ದಾರೆ. ದಾವಣಗೆರೆಯಲ್ಲಿರುವ ಮೊಮ್ಮಕ್ಕಳನ್ನು ನೋಡಲು ಹೋಗುವುದಿಲ್ಲ. ಅಮೆರಿಕದಲ್ಲಿರುವ ಮಗ ಕಳಿಸಿದ ಕೈಗಡಿಯಾರದಲ್ಲಿ ದಿನವಿಡೀ ಎದೆಬಡಿತ ನೋಡುತ್ತಾ ಕೂತಿರುತ್ತಾರೆ. ಮಗನೂ ಅಲ್ಲಿಂದಲೇ ನೋಡಿ ‘ಅಪ್ಪಾ, 96 ಯಾಕೆ?’ ಎಂದು ಮೆಸೇಜ್ ಮಾಡುತ್ತಾನೆ. ರಾತ್ರಿ ಇವರ ಗೊರಕೆ ಇದ್ದಕ್ಕಿದ್ದಂತೆ ನಿಂತಾಗ ನನ್ನ ಎದೆ ಧಸಕ್ಕೆನ್ನುತ್ತದೆ, ಎದ್ದು ಕೂತು ಉಸಿರಾಡುತ್ತಿದ್ದಾರೆಯೇ ಎಂದು ನೋಡುತ್ತೇನೆ. ಏಕಾದಶಿ ಉಪವಾಸ ಮಾತ್ರ ಬಿಟ್ಟಿಲ್ಲ. ನನ್ನ ತಮ್ಮ, ‘ಬಡಿತ ಸರಿಯಾಗಿದ್ದಾಗ ರಕ್ತ ತೆಳು ಮಾಡುವ ಮಾತ್ರೆ ಯಾಕೆ, ಆಸ್ಪಿರಿನ್ ಸಾಕು’ ಎನ್ನುತ್ತಾನೆ. ಇನ್ನೊಬ್ಬ ವೈದ್ಯರು ಅಬ್ಲೇಷನ್ ಎಂಬ ಚಿಕಿತ್ಸೆ ಮಾಡಿಸಿ ಎಂದರು. ಇವರು ಮೊದಲಿನಂತೆ ಓಡಾಡಿಕೊಂಡಿರಬಹುದೇ, ಅಥವಾ ನಾವು ಇನ್ನು ಹೀಗೇ ಇರಬೇಕೇ?

ಉತ್ತರ: ಬೆಟ್ಟ ಹತ್ತಬಹುದು. ನಾಳೆಯೇ ಬೇಡ, ಒಂದೇ ಉಸಿರಿಗೂ ಬೇಡ, ಆದರೆ ಹತ್ತಬಹುದು. ಎಕೋ ಸರಿಯಿದ್ದು, ಬಿ.ಪಿ. ಹತೋಟಿಯಲ್ಲಿದ್ದು, ಬೇಕಾದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವವರು ಎಂಟು ತಿಂಗಳಿಂದ ಗೇಟು ದಾಟಿಲ್ಲವೆಂದರೆ, ಅವರನ್ನು ಮನೆಯಲ್ಲಿ ಕಟ್ಟಿಹಾಕಿರುವುದರಲ್ಲಿ ಕಾಯಿಲೆಯ ಪಾಲು ಕಡಿಮೆ, ಅಂಜಿಕೆಯ ಪಾಲು ಹೆಚ್ಚು. ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಈ ಕಾಯಿಲೆಯಲ್ಲಿ ಅಪಾಯ, ಕಷ್ಟ, ಅಂಜಿಕೆ ಎಂಬ ಮೂರು ದಾರಗಳು ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಮೂರಕ್ಕೂ ಔಷಧ ಬೇರೆ ಬೇರೆ. ಒಂದರ ಔಷಧದಿಂದ ಇನ್ನೊಂದು ಹೋಗಲಿ ಎಂದು ಕಾಯುತ್ತಾ ಕೂತರೆ ಎಂಟು ತಿಂಗಳೇನು, ಎಂಟು ವರ್ಷವೂ ಹಾಗೇ ಕಳೆದುಹೋಗುತ್ತದೆ.

ಎದೆಯೊಳಗೆ ಆಗುವುದಿಷ್ಟು. ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಎಂದು ಹೆಸರು. ಸಹಜವಾಗಿ ಬಲ ಹೃತ್ಕರ್ಣದ ಒಂದೇ ಜಾಗದಿಂದ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಹೊರಟು, ಕೆಳಗಿನ ಕೋಣೆಗಳಿಗೆ ಇಳಿದು, ಹೃದಯ ಒಂದು ಲಯದಲ್ಲಿ ಹಿಂಡುತ್ತದೆ. ಫಿಬ್ರಿಲೇಷನ್ ಆದಾಗ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸಂಕೇತಗಳು ದಿಕ್ಕುದೆಸೆಯಿಲ್ಲದೆ ಓಡಾಡುತ್ತವೆ; ಕೋಣೆ ಹಿಂಡುವುದನ್ನು ಬಿಟ್ಟು ಅದುರತೊಡಗುತ್ತದೆ. ಅವೆಲ್ಲ ಕೆಳಗಿಳಿದರೆ ಮನುಷ್ಯ ಬದುಕುವುದಿಲ್ಲ. ಅದೃಷ್ಟಕ್ಕೆ ನಡುವೆ ಒಂದು ಬಾಗಿಲಿದೆ. ಜಂಬೂ ಸವಾರಿಯ ದಿನ ಅರಮನೆಯ ಬಾಗಿಲಿನಲ್ಲಿ ನಿಂತ ಪೊಲೀಸರು ನೂಕುನುಗ್ಗಲಿನಲ್ಲಿ ಕೆಲವರನ್ನಷ್ಟೇ ಒಳಗೆ ಬಿಡುತ್ತಾರಲ್ಲ, ಹಾಗೆ ಈ ಬಾಗಿಲೂ ಸಿಕ್ಕಷ್ಟನ್ನು ಸಿಕ್ಕ ಹಾಗೆ ಬಿಡುತ್ತದೆ. ಅದಕ್ಕೇ ನಾಡಿ ಹಿಡಿದರೆ ಒಂದು ಹತ್ತಿರ, ಒಂದು ದೂರ, ಒಂದು ಜೋರು, ಒಂದು ಮೆಲ್ಲಗೆ. ಮೆಟೊಪ್ರೊಲಾಲ್ ಮಾತ್ರೆ ಈ ಬಾಗಿಲು ಕಾಯುವವನ ಕೈ ಬಲಪಡಿಸುತ್ತದೆ. ಒಳಗಿನ ಗಲಾಟೆಯನ್ನು ಅದು ನಿಲ್ಲಿಸುವುದಿಲ್ಲ.

ಅಪಾಯ ಎಂದೆನಲ್ಲ, ಅದು ಈ ಬಡಿತದ ಸದ್ದಿನಲ್ಲಿಲ್ಲ. ಎಡ ಹೃತ್ಕರ್ಣಕ್ಕೆ ಮೂಲೆಯಲ್ಲೊಂದು ಸಣ್ಣ ಚೀಲವಿದೆ. ಕೋಣೆ ಹಿಂಡದೆ ಬರೀ ಅದುರುತ್ತಿದ್ದರೆ ಆ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆ ಇರುವವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಎಂಬುದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ದಶಕಗಳ ಕಾಲ ನಡೆದ ಅಧ್ಯಯನದಿಂದಲೇ ತಿಳಿದಿರುವ ಮಾತು. ಆದರೆ ಈ ಅಪಾಯ ಎಲ್ಲರಿಗೂ ಒಂದೇ ಸಮವಲ್ಲ. ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಹೃದಯ ದೌರ್ಬಲ್ಯ, ಹಿಂದೆ ಆಗಿದ್ದ ಪಾರ್ಶ್ವವಾಯು, ರಕ್ತನಾಳದ ಕಾಯಿಲೆ, ಇವಕ್ಕೆ ಅಂಕ ಕೊಟ್ಟು ಲೆಕ್ಕ ಹಾಕುತ್ತೇವೆ. ನಿಮ್ಮ ಯಜಮಾನರಿಗೆ 65 ದಾಟಿದ್ದಕ್ಕೆ ಒಂದು, ಬಿ.ಪಿ.ಗೆ ಒಂದು, ಒಟ್ಟು ಎರಡು. ಯೂರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿಯ ಪ್ರಕಾರ ಎರಡು ಬಂದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡಬೇಕು. ರಿವರಾಕ್ಸಬಾನ್ ಅಂಥ ಮಾತ್ರೆಯೇ; ಅವರ ವೈದ್ಯರು ಸರಿಯಾದುದನ್ನೇ ಕೊಟ್ಟಿದ್ದಾರೆ.

ಈ ಲೆಕ್ಕದಲ್ಲಿ ‘ಎದೆ ಎಷ್ಟು ಹೊಡೆದುಕೊಳ್ಳುತ್ತದೆ’ ಎಂಬುದಕ್ಕೆ ಅಂಕವೇ ಇಲ್ಲ ಎಂಬುದನ್ನು ಗಮನಿಸಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದ ಇಸಿಜಿಯಲ್ಲಿ ಫಿಬ್ರಿಲೇಷನ್ ಕಂಡು ನನ್ನ ಬಳಿ ಬಂದ ಒಬ್ಬ ಆಟೊ ಚಾಲಕರಿದ್ದಾರೆ. ಎದೆಬಡಿತವೆಂದರೆ ಏನು ಎಂದು ನನ್ನನ್ನೇ ಕೇಳಿದ್ದರು! ಅವರ ಅಂಕ ನಾಲ್ಕು. ಇನ್ನೊಬ್ಬ ಮಹಿಳೆಗೆ ಒಂದೇ ಒಂದು ಬಡಿತ ತಪ್ಪಿದರೂ ಹೊಟ್ಟೆಯಲ್ಲಿ ಲಿಫ್ಟ್ ಇಳಿದಂತಾಗುತ್ತದೆ. ಅವರ ಅಂಕ ಸೊನ್ನೆ. ಆಟೊ ಚಾಲಕರ ಅಪಾಯ ದೊಡ್ಡದು, ಕಷ್ಟ ಇಲ್ಲವೇ ಇಲ್ಲ. ಆ ಮಹಿಳೆಯ ಅಪಾಯ ಚಿಕ್ಕದು, ಕಷ್ಟ ಬೆಟ್ಟದಷ್ಟು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಬಂದು ಹೋಗುವ ಫಿಬ್ರಿಲೇಷನ್ ಇರುವವರು ತಮ್ಮ ಬದುಕಿನ ಗುಣಮಟ್ಟಕ್ಕೆ ಕೊಟ್ಟ ಅಂಕ, ಹೃದಯಾಘಾತವಾದವರು ಕೊಟ್ಟಿದ್ದಕ್ಕಿಂತ ಮೇಲೇನೂ ಇರಲಿಲ್ಲ. ವೈದ್ಯರು ಯಂತ್ರಗಳಿಂದ ಅಳೆದ ತೀವ್ರತೆಗೂ ರೋಗಿಗಳು ಹೇಳಿದ ಕಷ್ಟಕ್ಕೂ ತಾಳೆಯೇ ಆಗಲಿಲ್ಲ. ಆದ್ದರಿಂದ ‘ರಿಪೋರ್ಟ್ ಎಲ್ಲ ಸರಿಯಿದೆ, ಆರಾಮಾಗಿರಿ’ ಎಂದು ಐದು ನಿಮಿಷದಲ್ಲಿ ಕಳಿಸುವುದು ಉತ್ತರವಲ್ಲ. ನಮ್ಮವರಲ್ಲಿ ಅನೇಕರು ಇನ್ನೂ ಹಾಗೇ ಕಳಿಸುತ್ತಾರೆ. ಜನಸಂದಣಿಯಿದ್ದ ದಿನ ನಾನೂ ಕಳಿಸಿದ್ದೇನೆ.

ನಿಮ್ಮ ತಮ್ಮನವರಿಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಮಾತೆಂದರೆ ಅದೊಂದೇ. ಬಡಿತ ಸರಿಯಾದ ದಿನ ಮಾತ್ರೆ ಬಿಡುವುದು, ಮಳೆ ನಿಂತಿತೆಂದು ಸೂರಿನ ಹೆಂಚು ಇಳಿಸಿದಂತೆ. 2002ರಲ್ಲಿ ಪ್ರಕಟವಾದ, 4,060 ರೋಗಿಗಳಿದ್ದ ‘ಅಫರ್ಮ್’ ಎಂಬ ದೊಡ್ಡ ಪರೀಕ್ಷೆಯಲ್ಲಿ ಪಾರ್ಶ್ವವಾಯು ಆದವರಲ್ಲಿ ಹೆಚ್ಚಿನವರು ಹೆಪ್ಪು ತಡೆಯುವ ಮಾತ್ರೆ ನಿಲ್ಲಿಸಿದವರು ಅಥವಾ ಅದರ ಪ್ರಮಾಣ ಸಾಲದೆ ಹೋದವರು. ಬಡಿತ ಸರಿಯಾಗಿದೆ ಎಂದುಕೊಂಡಿದ್ದವರೂ ಅವರಲ್ಲಿದ್ದರು. ಇನ್ನು ಆಸ್ಪಿರಿನ್. 2011ರ ಒಂದು ಪರೀಕ್ಷೆಯಲ್ಲಿ 5,599 ಮಂದಿಯಲ್ಲಿ ಆಸ್ಪಿರಿನ್ನನ್ನೂ, ರಿವರಾಕ್ಸಬಾನ್ ಜಾತಿಯದೇ ಆದ ಅಪಿಕ್ಸಬಾನನ್ನೂ ಹೋಲಿಸಿದರು. ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಅರ್ಧಕ್ಕಿಂತ ಕಡಿಮೆಯಾಯಿತು. ದೊಡ್ಡ ರಕ್ತಸ್ರಾವ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎಂದರೆ ಈ ಕೆಲಸಕ್ಕೆ ಆಸ್ಪಿರಿನ್‌ನಿಂದ ಸಿಗುವ ರಕ್ಷಣೆ ಅಲ್ಪ, ರಕ್ತಸ್ರಾವದ ತೊಂದರೆ ಮಾತ್ರ ಅಪಿಕ್ಸಬಾನ್‌ನಷ್ಟೇ. ಭಾವನವರ ಮೇಲಿನ ಪ್ರೀತಿಯಿಂದಲೇ ಅವರು ಹೇಳಿದ್ದಾರೆ, ಅನುಮಾನವಿಲ್ಲ. ಆ ಪ್ರೀತಿಯನ್ನು ಬೇರೆ ರೀತಿಯಲ್ಲಿ ತೋರಿಸಲಿ. ಬೆಳಿಗ್ಗೆ ವಾಕಿಂಗ್‌ಗೆ ಜೊತೆಯಾದರೆ ಸಾಕು.

ಮಾತ್ರೆಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನಿಮಗೆ ಯಾರೂ ಹೇಳಿಲ್ಲವೆಂದು ನನ್ನ ಊಹೆ: ಏಕಾದಶಿ. ರಿವರಾಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳು ಊಟದ ಜೊತೆ ಹೋದರೆ ಮಾತ್ರ ಪೂರ್ತಿ ರಕ್ತಕ್ಕೆ ಸೇರುತ್ತವೆ. ಖಾಲಿ ಹೊಟ್ಟೆಗೆ ಹೋದರೆ ಒಂದಷ್ಟು ಪಾಲು ವ್ಯರ್ಥವಾಗುತ್ತದೆ. ತಿಂಗಳಿಗೆ ಎರಡು ದಿನ ನೀರು ಕುಡಿದು ಮಾತ್ರೆ ನುಂಗಿದರೆ ಆ ಎರಡು ದಿನ ಕಾವಲು ಅರೆಬರೆ. ಫಲಾಹಾರವೆಂದು ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ಹೊಟ್ಟೆ ತುಂಬ ತಿನ್ನುವ ಏಕಾದಶಿಯಾದರೆ ಅದರ ಜೊತೆಗೇ ಮಾತ್ರೆ ತೆಗೆದುಕೊಳ್ಳಲಿ, ತೊಂದರೆಯಿಲ್ಲ. ನಿಟ್ಟುಪವಾಸವಾದರೆ ವೈದ್ಯರಿಗೆ ಹೇಳಿ. ಅಪಿಕ್ಸಬಾನ್‌ಗೆ ಊಟದ ಹಂಗಿಲ್ಲ, ದಿನಕ್ಕೆ ಎರಡು ಸಲ ತೆಗೆದುಕೊಳ್ಳಬೇಕು, ಅಷ್ಟೇ. ಉಪವಾಸದ ದಿನ ನೀರನ್ನೂ ಬಿಟ್ಟು ಮೈ ಒಣಗಿಸಿಕೊಳ್ಳುವುದು ಈ ಕಾಯಿಲೆಗೆ ಆಗಿಬರುವುದಿಲ್ಲ. ಒಂದು ದಿನ ಮಾತ್ರೆ ಮರೆತರೆ ಅದೇ ದಿನ ನೆನಪಾದ ಕೂಡಲೇ ನುಂಗಲಿ. ಮರುದಿನ ಎರಡು ಸೇರಿಸಿ ನುಂಗುವುದು ಬೇಡ. ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಈ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ನೋವಿಗೆ ಪ್ಯಾರಸಿಟಮಾಲ್ ವಾಸಿ. ಹಲ್ಲು ಕೀಳಿಸುವಾಗಲೂ ತಾವಾಗಿ ನಾಲ್ಕು ದಿನ ಮಾತ್ರೆ ನಿಲ್ಲಿಸದೆ ಮೊದಲು ಕೇಳಲಿ.

ಈ ಉತ್ತರ ಓದುವ ಬೇರೆಯವರಿಗೆ ನಡುವೆಯೇ ಒಂದು ಎಚ್ಚರಿಕೆ. ನಮ್ಮಲ್ಲಿ ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾಗಿ, ಅದರಿಂದ ಫಿಬ್ರಿಲೇಷನ್ ಬಂದವರು ಬಹಳ. ಅದರಲ್ಲೂ ಮೂವತ್ತು ನಲವತ್ತರ ಹೆಣ್ಣುಮಕ್ಕಳು. ಅವರು ‘ಹೊಸ ಮಾತ್ರೆಗೆ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವುದು) ಬೇಡವಂತೆ’ ಎಂದು, ಹೆಪ್ಪು ತಡೆಯುವ ಹಳೆಯ ಮಾತ್ರೆಗಳಾದ ವಾರ್ಫರಿನ್ ಅಥವಾ ಅಸಿಟ್ರಾಂ ಬಿಟ್ಟು ರಿವರಾಕ್ಸಬಾನ್‌ಗೆ ಹಾರಬಾರದು. 2022ರಲ್ಲಿ ಪ್ರಕಟವಾದ, ಭಾರತದ ರೋಗಿಗಳೂ ಇದ್ದ ‘ಇನ್‌ವಿಕ್ಟಸ್’ ಪರೀಕ್ಷೆಯಲ್ಲಿ ಸುಮಾರು 4,500 ಮಂದಿಯಲ್ಲಿ ಎರಡನ್ನೂ ಹೋಲಿಸಿದಾಗ ಹಳೆಯ ಮಾತ್ರೆಯೇ ಗೆದ್ದಿತು. ಅದನ್ನು ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಈ ವಾರ ದಿನವೂ ಬಸ್ಸಾರು, ಮುಂದಿನ ವಾರ ಸೊಪ್ಪಿನ ವಾಸನೆಯೇ ಇಲ್ಲ ಎಂಬಂತಾಗದೆ ಒಂದೇ ಹದದಲ್ಲಿ ತಿಂದರಾಯಿತು. ನಿಮ್ಮ ಯಜಮಾನರಿಗೆ ಇದು ಅನ್ವಯಿಸುವುದಿಲ್ಲ, ಅವರ ಕವಾಟಗಳು ಸರಿಯಿವೆ.

ಈಗ ನೀವು ಪತ್ರದ ನಡುವೆ ಸುಮ್ಮನೆ ಹೇಳಿ ಮುಂದೆ ಹೋದ ಸಾಲಿಗೆ ಬರುತ್ತೇನೆ. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ ಎಂದಿರಿ. ನೀವು ಅದನ್ನು ನಿಮ್ಮ ಭಯದ ಮಾತಾಗಿ ಹೇಳಿದ್ದೀರಿ, ನಾನು ಅದನ್ನು ಕಾಯಿಲೆಯ ಸುಳಿವಾಗಿ ಓದಿದೆ. 88 ಕೆ.ಜಿ. ತೂಕ, ಬಿ.ಪಿ., ಗೊರಕೆ, ನಡುವೆ ನಿಲ್ಲುವ ಉಸಿರು: ಇದು ನಿದ್ರೆಯಲ್ಲಿ ಉಸಿರುಗಟ್ಟುವ ಕಾಯಿಲೆ, ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲು ಮುಚ್ಚಿಕೊಂಡಾಗ ಎದೆ ಗಾಳಿಗಾಗಿ ಒಳಗಿನಿಂದ ಜಗ್ಗುತ್ತದೆ. ಆ ಜಗ್ಗಾಟಕ್ಕೆ ತೆಳುಗೋಡೆಯ ಹೃತ್ಕರ್ಣ ಹಿಗ್ಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಏರುತ್ತದೆ. ಪ್ರತಿ ರಾತ್ರಿ ಹತ್ತಾರು ಸಲ ಹೀಗಾದರೆ ಹೃತ್ಕರ್ಣಕ್ಕೆ ತಾಳ ತಪ್ಪಲು ಬೇರೆ ಕಾರಣ ಬೇಕಿಲ್ಲ. ಮೊದಲ ಸಲ ಎದೆ ಹೊಡೆದುಕೊಂಡದ್ದೂ ರಾತ್ರಿಯೇ ಎಂದಿದ್ದೀರಿ. ಹಗಲಿನಲ್ಲಿ ಟಿವಿ ಮುಂದೆ ಕೂತಲ್ಲೇ ತೂಕಡಿಸುತ್ತಾರೆಯೇ? ಬೆಳಿಗ್ಗೆ ಎದ್ದಾಗ ತಲೆನೋವು ಎನ್ನುತ್ತಾರೆಯೇ? ಹೌದಾದರೆ ನನ್ನ ಅನುಮಾನ ಇನ್ನೂ ಗಟ್ಟಿ. ಅವರ ಸುಸ್ತನ್ನೆಲ್ಲ ಹೃದಯದ ಲೆಕ್ಕಕ್ಕೆ ಬರೆದಿರುವ ಸಾಧ್ಯತೆಯೂ ಇದೆ.

ನಿದ್ರೆಯ ಪರೀಕ್ಷೆಯನ್ನು ಈಗ ಮನೆಯಲ್ಲೇ ಒಂದು ಸಣ್ಣ ಯಂತ್ರ ಕಟ್ಟಿಕೊಂಡು ಮಲಗಿ ಮಾಡಿಸಬಹುದು. ಕಾಯಿಲೆ ಖಚಿತವಾದರೆ ಸಿಪ್ಯಾಪ್ ಎಂಬ ಯಂತ್ರ ಮೂಗಿನ ಮುಸುಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಅದರಿಂದ ಫಿಬ್ರಿಲೇಷನ್ ನಿಂತೇ ಹೋಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಯಂತ್ರ ಬಳಸುವವರಲ್ಲಿ ಅದು ಕಡಿಮೆಯೆಂದು ಹಲವು ಅಧ್ಯಯನಗಳಲ್ಲಿ ಕಂಡಿದ್ದರೂ, ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಸಣ್ಣ ಪರೀಕ್ಷೆಗಳಲ್ಲಿ ಆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಹಗಲಿನ ತೂಕಡಿಕೆ ಹೋಗುತ್ತದೆ, ಬಿ.ಪಿ. ಸ್ವಲ್ಪ ಇಳಿಯುತ್ತದೆ. ನೀವೂ ರಾತ್ರಿ ಮಲಗಬಹುದು. ನಿಮ್ಮ ನಿದ್ರೆಯೂ ಈ ಮನೆಯ ಬದುಕಿನ ಗುಣಮಟ್ಟಕ್ಕೆ ಸೇರಿದ್ದು ತಾನೇ? ಫಿಬ್ರಿಲೇಷನ್ ಇರುವವರ ಗಂಡ ಅಥವಾ ಹೆಂಡತಿಯ ಬದುಕೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ ಎಂದು ಅಳೆದು ತೋರಿಸಿದ ಅಧ್ಯಯನಗಳಿವೆ. ನಿಮ್ಮ ಪತ್ರ ಓದಿದವರಿಗೆ ಅಧ್ಯಯನ ಬೇಕಾಗುವುದಿಲ್ಲ, ಆ ಮಾತು ಬೇರೆ.

ತೂಕದ ಮಾತು. ವೈದ್ಯರು ತೂಕ ಇಳಿಸಿ ಎನ್ನುವುದು, ಜ್ಯೋತಿಷಿಗಳು ಶನಿಶಾಂತಿ ಮಾಡಿಸಿ ಎಂದಂತೆ, ಯಾವ ಕಾಯಿಲೆಗೂ ಹೇಳುವ ಮಾತಾಗಿಬಿಟ್ಟಿದೆ. ಇಲ್ಲಿ ಮಾತ್ರ ಅದಕ್ಕೆ ತೂಕವಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕದ ಹತ್ತನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಇಳಿಸಿ ಕಾಪಾಡಿಕೊಂಡವರು ಫಿಬ್ರಿಲೇಷನ್ ಇಲ್ಲದೆ ಉಳಿಯುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ನಿಮ್ಮ ಯಜಮಾನರಿಗೆ ಅದು ಸುಮಾರು 9 ಕೆ.ಜಿ. ಒಂದು ವರ್ಷ ತೆಗೆದುಕೊಳ್ಳಲಿ. ತೂಕ ಏರಿಳಿಯುತ್ತಾ ಹೋದವರಿಗೆ ಲಾಭ ಅಷ್ಟಕ್ಕಷ್ಟೇ ಆಗಿತ್ತು, ಆದ್ದರಿಂದ ಆರು ವಾರದ ಪವಾಡದ ಪಥ್ಯಗಳ ತಂಟೆ ಬೇಡ. ರಾತ್ರಿ ಅನ್ನದ ರಾಶಿ ಅರ್ಧವಾದರೆ, ಸಂಜೆಯ ಕೋಡುಬಳೆ ಚಕ್ಕುಲಿ ವಾರಕ್ಕೊಮ್ಮೆಯಾದರೆ, ಮುಕ್ಕಾಲು ಕೆಲಸ ಮುಗಿಯಿತು. ಮದ್ಯದ ವಿಷಯ ನೀವು ಬರೆದಿಲ್ಲ. ಹೆಂಡತಿಯರ ಪತ್ರಗಳಲ್ಲಿ ಅದು ಬರುವುದು ಕಡಿಮೆ, ಹಾಗಾಗಿ ಯಜಮಾನರನ್ನೇ ಉದ್ದೇಶಿಸಿ ಒಂದು ಸಾಲು: ಸ್ನೇಹಿತರ ಜೊತೆ ವಾರಾಂತ್ಯದ ಅಭ್ಯಾಸವಿದ್ದರೆ ಬಿಡಿ. ವಾರಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪೆಗ್ ಅಳತೆಯ ಅಭ್ಯಾಸವಿದ್ದ 140 ಮಂದಿಯಲ್ಲಿ ನಡೆದ 2020ರ ಪರೀಕ್ಷೆಯಲ್ಲಿ, ಬಿಟ್ಟವರಲ್ಲಿ 53 ಶೇಕಡಾ ಮಂದಿಗೆ ಫಿಬ್ರಿಲೇಷನ್ ಮರಳಿತು, ಬಿಡದವರಲ್ಲಿ 73 ಶೇಕಡಾ ಮಂದಿಗೆ.

ಕಾಫಿ ಬೇರೆ ಜಾತಿ. ಮೈಸೂರಿನಲ್ಲಿ ಮನುಷ್ಯನಿಗೆ ಕಾಫಿ ಬಿಡಿಸಿ, ಆಮೇಲೆ ಯಾಕೆ ಮಂಕಾಗಿದ್ದಾರೆ ಎಂದು ಕೇಳಿದರೆ ಹೇಗೆ? ಕಾಫಿಯಿಂದ ಫಿಬ್ರಿಲೇಷನ್ ಬರುತ್ತದೆ ಎಂಬುದು ವೈದ್ಯರೂ ಬಹುಕಾಲ ನಂಬಿದ್ದ ಮಾತು. 2023ರಲ್ಲಿ ನೂರು ಆರೋಗ್ಯವಂತರಿಗೆ ಒಂದು ದಿನ ಕಾಫಿ, ಒಂದು ದಿನ ಇಲ್ಲ ಎಂಬಂತೆ ಕುಡಿಸಿ, ಬಿಡಿಸಿ ಅಳೆದರು. ಹೃತ್ಕರ್ಣದ ತಪ್ಪುಬಡಿತಗಳು ಕಾಫಿಯಿಂದ ಹೆಚ್ಚಲಿಲ್ಲ. ಕೆಳಗಿನ ಕೋಣೆಯವು ಹೆಚ್ಚಿದವು, ನಿದ್ರೆ ಸರಾಸರಿ 36 ನಿಮಿಷ ಕಡಿಮೆಯಾಯಿತು, ಕುಡಿದವರು ಹೆಚ್ಚು ಹೆಜ್ಜೆ ನಡೆದರು. 2025ರಲ್ಲಿ ಫಿಬ್ರಿಲೇಷನ್ ಇರುವ 200 ಮಂದಿಯಲ್ಲೇ ಪರೀಕ್ಷೆ ಮಾಡಿದರು. ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸಿದ ಮೇಲೆ ದಿನಕ್ಕೆ ಒಂದಾದರೂ ಲೋಟ ಕಾಫಿ ಕುಡಿದವರಲ್ಲಿ 47 ಶೇಕಡಾ ಮಂದಿಗೆ ಕಾಯಿಲೆ ಮರಳಿತು, ಕಾಫಿ ಬಿಟ್ಟವರಲ್ಲಿ 64 ಶೇಕಡಾ. ಕಾಫಿಯೇ ಔಷಧವೆಂದು ನಾನು ಹೇಳುತ್ತಿಲ್ಲ. ಬಿಡಬೇಕಾದ ಕಾರಣ ಕಾಣುತ್ತಿಲ್ಲ ಎನ್ನುತ್ತಿದ್ದೇನೆ. ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು. ಸಂಜೆಯದು ಬೇಡ, ಆ 36 ನಿಮಿಷ ಅವರಿಗೆ ಬೇಕು. ಕಾಫಿ ಕುಡಿದಾಗಲೆಲ್ಲ ಎದೆ ಹೊಡೆದುಕೊಳ್ಳುವುದನ್ನು ಅವರೇ ಸ್ವತಃ ಕಂಡಿದ್ದರೆ ಮಾತ್ರ ಅವರ ಅನುಭವವೇ ದೊಡ್ಡದು.

ಕೈಗಡಿಯಾರವನ್ನು ಎಸೆಯಿರಿ ಎಂದು ಹೇಳುವ ಆಸೆ ನನಗಿದೆ, ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುವಾಗ ಅದರಲ್ಲಿ ತೆಗೆದ ಇಸಿಜಿ ನನಗೆ ಬಹಳ ಉಪಯೋಗದ್ದು. ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯವಾಗುವ ಕಳ್ಳನ ಫೋಟೊ ಅದು. ಆದರೆ ದಿನಕ್ಕೆ ಐವತ್ತು ಸಲ ನೋಡುವವರಿಗೆ ಅದು ಯಂತ್ರವಾಗಿ ಉಳಿಯದೆ ಕಾಯಿಲೆಯ ಭಾಗವೇ ಆಗುತ್ತದೆ. ಇಂಥ ಗಡಿಯಾರ ಕಟ್ಟಿದ ಫಿಬ್ರಿಲೇಷನ್ ರೋಗಿಗಳು ಕಟ್ಟದವರಿಗಿಂತ ತಮ್ಮ ಬಡಿತದ ಯೋಚನೆಯಲ್ಲೇ ಹೆಚ್ಚು ಮುಳುಗಿರುತ್ತಾರೆ ಎಂಬುದನ್ನೂ ಅಳೆದಿದ್ದಾರೆ. ನನ್ನ ಮಾತು ಹೀಗೆ: ಎಚ್ಚರಿಕೆಯ ಗಂಟೆಗಳನ್ನು ಆರಿಸಿ, ಬೆಳಿಗ್ಗೆ ಒಮ್ಮೆ ನೋಡಲಿ, ತೊಂದರೆ ಅನ್ನಿಸಿದಾಗ ಒಂದು ಇಸಿಜಿ ತೆಗೆಯಲಿ, ಉಳಿದ ಹೊತ್ತು ಅದು ಬರೀ ಟೈಮ್ ತೋರಿಸಲಿ. ಮಗನಿಗೆ ಹೇಳಿ, ‘96 ಯಾಕೆ’ ಎಂಬುದಕ್ಕೆ ‘ಈಗಷ್ಟೇ ಮೆಟ್ಟಿಲು ಹತ್ತಿದೆ’ ಎಂಬುದು ಸಾಕಾದ ಉತ್ತರ. ಸದಾಕಾಲ ಫಿಬ್ರಿಲೇಷನ್‌ನಲ್ಲೇ ಇರುವ 614 ಮಂದಿಯ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವಿಶ್ರಾಂತಿಯ ಬಡಿತ 110ರ ಒಳಗಿದ್ದರೂ, 80ರ ಒಳಗೆ ಕಷ್ಟಪಟ್ಟು ಇಳಿಸಿದವರಿಗಿಂತ ಕೆಟ್ಟದ್ದೇನೂ ಆಗಲಿಲ್ಲ. ದೂರದಲ್ಲಿರುವ ಮಕ್ಕಳು ಸಂಖ್ಯೆ ನೋಡಿ ಪ್ರೀತಿ ತೋರಿಸುವುದು ಈಗ ಸಾಮಾನ್ಯವಾಗಿದೆ. ಅದರ ಬದಲು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಅಪ್ಪ ಎಷ್ಟು ದೂರ ನಡೆದರು ಎಂದು ಕೇಳಲಿ.

ಅಂಜಿಕೆಗೆ ಬರೀ ಧೈರ್ಯದ ಮಾತು ಔಷಧವಾಗುವುದಿಲ್ಲ. ಎದೆ ಹೊಡೆದುಕೊಂಡೀತೆಂದು ಮೆಟ್ಟಿಲು ಹತ್ತುವುದಿಲ್ಲ. ಹತ್ತದೆ ಮೈ ಸಡಿಲವಾಗುತ್ತದೆ. ಸಡಿಲ ಮೈಗೆ ನಾಲ್ಕು ಮೆಟ್ಟಿಲಿಗೇ ಎದೆ ಹೊಡೆದುಕೊಳ್ಳುತ್ತದೆ. ‘ನೋಡಿದೆಯಾ’ ಎಂದು ಮತ್ತೆ ಕೂರುತ್ತಾರೆ. ಈ ಗಾಣದಿಂದ ಹೊರಬರುವ ದಾರಿಯನ್ನು ಸ್ವೀಡನ್‌ನ ತಂಡವೊಂದು 127 ರೋಗಿಗಳಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿತು. ಮನಶ್ಶಾಸ್ತ್ರಜ್ಞರು ಅಂತರ್ಜಾಲದ ಮೂಲಕ ಹತ್ತು ವಾರ ಜೊತೆಗಿದ್ದು ಮಾಡಿಸಿದ್ದು ಸರಳ: ಬೇಕೆಂದೇ ಎದೆ ಹೊಡೆದುಕೊಳ್ಳುವಂತೆ ಚಟುವಟಿಕೆ ಮಾಡಿಸುವುದು, ಆ ಬಡಿತವನ್ನು ತಪ್ಪಿಸಿಕೊಳ್ಳದೆ ಸಹಿಸಿ ಕೂರುವುದು, ನಾಡಿ ಹಿಡಿದು ನೋಡುವ ಚಟ ಬಿಡಿಸುವುದು. ಅವರ ಬದುಕಿನ ಗುಣಮಟ್ಟ ಸ್ಪಷ್ಟವಾಗಿ ಮೇಲೇರಿತು. ಎಂದರೆ ಬೆಟ್ಟ ಹತ್ತುವುದು ಗುಣವಾದ ಮೇಲೆ ಸಿಗುವ ಬಹುಮಾನವಲ್ಲ, ಚಿಕಿತ್ಸೆಯೇ ಅದು. ಅಮೆರಿಕದ ಕ್ಯಾನ್ಸಸ್‌ನಲ್ಲಿ ವೈದ್ಯ ಧನುಂಜಯ ಲಕ್ಕಿರೆಡ್ಡಿ ಮತ್ತು ಸಂಗಡಿಗರು 49 ರೋಗಿಗಳಿಗೆ ಮೂರು ತಿಂಗಳು ಯೋಗಾಸನ, ಪ್ರಾಣಾಯಾಮ ಮಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಿಬ್ರಿಲೇಷನ್‌ನ ಕಂತುಗಳೂ ಆತಂಕವೂ ಎರಡೂ ಇಳಿದವು. ಅಧ್ಯಯನ ಚಿಕ್ಕದು, ಆದರೆ ಮೈಸೂರಿನಲ್ಲಿ ಯೋಗ ಕಲಿಸುವವರಿಗೇನು ಬರ? ಉಸಿರು ಬಲವಾಗಿ ಹಿಡಿದು ನಿಲ್ಲಿಸುವ ಕುಂಭಕ, ತಲೆಕೆಳಗಾಗುವ ಆಸನ ಸದ್ಯಕ್ಕೆ ಬೇಡ ಎಂಬುದು ನನ್ನ ಸ್ವಂತ ಎಚ್ಚರಿಕೆ.

ಮೆಟೊಪ್ರೊಲಾಲ್ ಬಗ್ಗೆಯೂ ಒಂದು ಮಾತು. ಕೈಕಾಲು ತಣ್ಣಗಾಗುವುದು, ಮೈ ಭಾರ, ಕೆಟ್ಟ ಕನಸು, ಕೆಲವರಿಗೆ ದಾಂಪತ್ಯದಲ್ಲಿ ನಿರುತ್ಸಾಹ: ಇವು ಈ ಮಾತ್ರೆಯಿಂದಲೂ ಬರುತ್ತವೆ. ನಮ್ಮಲ್ಲಿ ಗಂಡಸರು ಕೊನೆಯದನ್ನು ವೈದ್ಯರಿಗೂ ಹೇಳುವುದಿಲ್ಲ, ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ತಾವಾಗಿ ಒಮ್ಮೆಲೇ ನಿಲ್ಲಿಸಬಾರದು, ಬಡಿತ ತಿರುಗಿಬೀಳುತ್ತದೆ. ಎದೆ ಹೊಡೆದುಕೊಂಡಾಗ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾದರೆ ಅದಕ್ಕೂ ಹೆದರಬೇಕಿಲ್ಲ. ಹಿಗ್ಗಿದ ಹೃತ್ಕರ್ಣ ಒಂದು ಹಾರ್ಮೋನನ್ನು ಸುರಿಸುತ್ತದೆ, ಅದು ಮೂತ್ರ ಹೆಚ್ಚಿಸುತ್ತದೆ.

ಇನ್ನು ಅಬ್ಲೇಷನ್. ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಗೆರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದಂತೆ, ಬಂದು ಹೋಗುವ ಫಿಬ್ರಿಲೇಷನ್‌ನ ಕಿಡಿ ಹೆಚ್ಚಾಗಿ ಹುಟ್ಟುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ರಕ್ತನಾಳಗಳ ಬಾಯಿಯಲ್ಲಿ. ತೊಡೆಯ ರಕ್ತನಾಳದಿಂದ ತಂತಿ ಏರಿಸಿ ಆ ಬಾಯಿಗಳ ಸುತ್ತ ಸುಟ್ಟೋ ಹಿಮದಂತೆ ತಣ್ಣಗಾಗಿಸಿಯೋ ಬೇಲಿ ಹಾಕುತ್ತೇವೆ. 2,204 ಮಂದಿಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ‘ಕಬಾನಾ’ ಪರೀಕ್ಷೆಯಲ್ಲಿ ಅಬ್ಲೇಷನ್‌ನಿಂದ ಸಾವು, ಪಾರ್ಶ್ವವಾಯು ಮುಂತಾದವು ಖಚಿತವಾಗಿ ಕಡಿಮೆಯಾದವೆಂದು ಹೇಳಲಾಗಲಿಲ್ಲ, ಆದರೆ ಬದುಕಿನ ಗುಣಮಟ್ಟ ಮಾತ್ರೆಗಿಂತ ಹೆಚ್ಚು ಸುಧಾರಿಸಿತು. ‘ದೊಡ್ಡ ಚಿಕಿತ್ಸೆ ಮಾಡಿಸಿಕೊಂಡೆ ಎಂಬ ಸಮಾಧಾನಕ್ಕೇ ಚೆನ್ನಾಗಿ ಅನ್ನಿಸಿರಬಹುದು’ ಎಂಬ ಅನುಮಾನ ನನ್ನಂಥವರಿಗೂ ಇತ್ತು. 2024ರಲ್ಲಿ 126 ಮಂದಿಯಲ್ಲಿ, ಅರ್ಧದಷ್ಟು ಜನರಿಗೆ ನಿಜವಾದ ಅಬ್ಲೇಷನ್, ಉಳಿದವರಿಗೆ ಮಾಡಿದಂತೆ ನಟನೆ ಮಾಡಿ ಹೋಲಿಸಿದಾಗ ಅನುಮಾನ ಕರಗಿತು. ನಿಜವಾದದ್ದು ನಿಜವಾಗಿಯೇ ಕೆಲಸ ಮಾಡಿತ್ತು. ಕೆಲವರಿಗೆ ಎರಡನೆಯ ಸಲ ಮಾಡಬೇಕಾಗುತ್ತದೆ. ಹೃದಯದ ಸುತ್ತ ರಕ್ತ ಸೋರುವಂಥ ಗಂಭೀರ ತೊಂದರೆಗಳು ಅಪರೂಪಕ್ಕಾದರೂ ಆಗುತ್ತವೆ. ಅಬ್ಲೇಷನ್ ಆದ ಮೇಲೂ ಅವರ ಅಂಕ ಎರಡೇ, ಆದ್ದರಿಂದ ರಕ್ತ ತೆಳು ಮಾಡುವ ಮಾತ್ರೆ ಮುಂದುವರಿಯುತ್ತದೆ. ಇದನ್ನು ಮೊದಲೇ ತಿಳಿದುಕೊಂಡಿರದವರು ಆಮೇಲೆ ‘ಮೋಸವಾಯಿತು’ ಎನ್ನುತ್ತಾರೆ.

ನನ್ನ ಸಲಹೆಯಲ್ಲಿ ಮೊದಲು ನಿದ್ರೆಯ ಪರೀಕ್ಷೆ. ಉಸಿರುಗಟ್ಟುವ ಕಾಯಿಲೆಯನ್ನು ಹಾಗೇ ಬಿಟ್ಟು ಅಬ್ಲೇಷನ್ ಮಾಡಿದರೆ ಫಿಬ್ರಿಲೇಷನ್ ಮರಳುವುದು ಹೆಚ್ಚು. ಅದರ ಜೊತೆಜೊತೆಗೇ ಬಡಿತದ ವಿದ್ಯುತ್ ದೋಷಗಳನ್ನೇ ನೋಡುವ ತಜ್ಞರನ್ನು ಕಾಣಿ, ಬಹಳ ಮುಂದೂಡಬೇಡಿ. 2,789 ಮಂದಿಯ ‘ಈಸ್ಟ್’ ಪರೀಕ್ಷೆಯಲ್ಲಿ, ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ಔಷಧದಿಂದಲೋ ಅಬ್ಲೇಷನ್‌ನಿಂದಲೋ ಲಯ ಸರಿಪಡಿಸಲು ತೊಡಗಿದವರಿಗೆ ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವೆಲ್ಲ ಸೇರಿ ಕಡಿಮೆಯಾದವು ಎಂದು 2020ರಲ್ಲಿ ತಿಳಿಯಿತು. ನಿಮಗೆ ಎಂಟು ತಿಂಗಳಾಗಿದೆ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ವಿಚಾರಿಸಬಹುದು. ಅಬ್ಲೇಷನ್‌ಗೆ ಬೆಂಗಳೂರಿಗೆ ಹೋಗಬೇಕಾಗಿ ಬಂದರೂ ದೂರವೇನಲ್ಲ.

ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಯಾವುವೆಂದು ಸ್ಪಷ್ಟವಾಗಿದ್ದರೆ ಉಳಿದ ಸಮಯ ನಿಶ್ಚಿಂತೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು: ಗಡಿಯಾರ ನೋಡಿ ಸಮಯ ಬರೆದುಕೊಂಡು ಕೂಡಲೇ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ; ರಿವರಾಕ್ಸಬಾನ್ ತೆಗೆದುಕೊಳ್ಳುತ್ತಾರೆಂದು, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆಂದು ಅಲ್ಲಿ ಹೇಳಲೇಬೇಕು, ಚಿಕಿತ್ಸೆಯ ದಾರಿ ಅದರ ಮೇಲೆ ನಿಂತಿದೆ. ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಏದುಸಿರು ಜೊತೆಗಿದ್ದರೆ, ಸುಮ್ಮನೆ ಕೂತಾಗಲೂ ಬಡಿತ 120ರ ಮೇಲೆ ಗಂಟೆಗಟ್ಟಲೆ ನಿಂತರೆ, ಮಲ ಡಾಂಬರಿನಂತೆ ಕಪ್ಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಹೋಗಿ. ತಲೆಗೆ ಪೆಟ್ಟಾದಾಗ ಹೊರಗೆ ಗಾಯ ಕಾಣದಿದ್ದರೂ ಹೋಗಿ. ಇವಾವುವೂ ಇಲ್ಲದೆ ಬರೀ ಎದೆ ಡವಡವ ಎಂದರೆ, ಕೂತು, ನೀರು ಕುಡಿದು, ಇಸಿಜಿ ತೆಗೆದುಕೊಂಡು ಕಾಯಬಹುದು. ಎಂಟು ತಿಂಗಳಲ್ಲಿ ಪ್ರತಿ ಸಲವೂ ಅದು ತಾನಾಗಿಯೇ ನಿಂತಿದೆ ಎಂದು ನೀವೇ ಬರೆದಿದ್ದೀರಿ.

ದಾವಣಗೆರೆಗೆ ಮುಂದಿನ ವಾರವೇ ಹೋಗಿಬನ್ನಿ. ಮಾತ್ರೆಗಳನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ, ಎರಡು ದಿನದವು ಹೆಚ್ಚಿಗೆ ಇರಲಿ.

ಬೆಟ್ಟಕ್ಕೆ ಮೊದಲು ರಸ್ತೆ. ಮನೆಯ ಸುತ್ತ ದಿನಕ್ಕೆ ಹತ್ತು ನಿಮಿಷ ನಡೆಯಲಿ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸಲಿ. ನಡೆಯುವಾಗ ನಿಮ್ಮ ಜೊತೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು; ಅದೇ ಹದ. ಆರೇಳು ವಾರಗಳಲ್ಲಿ ಅರ್ಧ ಗಂಟೆ ನಡೆಯುವಂತಾದರೆ ವೈದ್ಯರ ಬಳಿ ಒಮ್ಮೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳ ಬುಡಕ್ಕೆ ಹೋಗಿ. ಆಷಾಢ ಶುಕ್ರವಾರದ ಜಂಗುಳಿಯ ದಿನ ಬೇಡ, ಹಿಂದಿನವರು ನೂಕುತ್ತಿದ್ದರೆ ನಿಲ್ಲಲು ಆಗುವುದಿಲ್ಲ. ಮೊದಲ ಸಲ ನೂರು ಮೆಟ್ಟಿಲು ಹತ್ತಿ ಇಳಿಯಲಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಬೇಕು, ಮೆಟ್ಟಿಲು ಹತ್ತಿದರೆ ನನ್ನದೂ ನಿಮ್ಮದೂ ಹೊಡೆದುಕೊಳ್ಳುತ್ತದೆ. ನಿಂತು, ಉಸಿರು ತೆಗೆದುಕೊಂಡು, ಗಡಿಯಾರ ನೋಡದೆ ಊರು ನೋಡಲಿ. ಈ ವರ್ಷ ನಂದಿಯವರೆಗೆ ಸಾಕು. ನೀವೂ ಜೊತೆಗೆ ಹೋಗಿ, ಮುಂದೆ ನಡೆಯಿರಿ. ಹಿಂದೆ ನಡೆದರೆ ಅವರನ್ನೇ ನೋಡುತ್ತಿರುತ್ತೀರಿ.